ಹತ್ತು ವರ್ಷಕ್ಕೊಮ್ಮೆ ಗಣತಿ, ವಾರಕ್ಕೊಮ್ಮೆ ಪತ್ರಿಕೆ: ಹತ್ತೊಂಬತ್ತನೆಯ ಶತಮಾನದ ಮಿಡ್‌ವೆಸ್ಟ್ ಪೂರ್ವಜರ ಹುಡುಕಾಟ

ಅಮೆರಿಕದ ಮಿಡ್‌ವೆಸ್ಟ್ ಎಂದರೆ ಪೂರ್ವದ ಓಹಾಯೊದಿಂದ ಪಶ್ಚಿಮದ ಕನ್ಸಾಸ್, ನೆಬ್ರಾಸ್ಕಾ, ಡಕೋಟಾಗಳವರೆಗಿನ ಹನ್ನೆರಡು ರಾಜ್ಯಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಬಾಳಿದವರಲ್ಲಿ ಅನೇಕರು ಹುಟ್ಟಿದೂರಿನಲ್ಲೇ ಮಣ್ಣಾದವರಲ್ಲ. ನ್ಯೂಯಾರ್ಕಿನಲ್ಲೋ ನಾರ್ವೆಯಲ್ಲೋ ಹುಟ್ಟಿ, ವಿಸ್ಕಾನ್ಸಿನ್ನಿನಲ್ಲಿ ಮದುವೆಯಾಗಿ, ಮಿನೆಸೋಟದಲ್ಲಿ ಬೆಳೆ ಕಳೆದುಕೊಂಡು, ಕೊನೆಗೆ ಡಕೋಟಾದಲ್ಲಿ ಜಮೀನು ಹಿಡಿದವರು ಅವರು. ಜನನ ಮರಣಗಳ ಸರ್ಕಾರಿ ನೋಂದಣಿಯೂ ಈ ಭಾಗಕ್ಕೆ ತಡವಾಗಿ ಬಂತು. ಓಹಾಯೊ ಮತ್ತು ಮಿಷಿಗನ್‌ಗಳಲ್ಲಿ 1867ರಲ್ಲಿ, ಅಯೊವಾದಲ್ಲಿ 1880ರಲ್ಲಿ, ಇಂಡಿಯಾನಾದಲ್ಲಿ 1882ರಲ್ಲಿ ಶುರುವಾದ ಈ ಕೆಲಸ ಮೊದಲ ಕೆಲವು ದಶಕ ಅರೆಬರೆಯಾಗಿಯೇ ನಡೆಯಿತು. ಆದ್ದರಿಂದ ಇಲ್ಲಿನ ಒಬ್ಬ ಸಾಮಾನ್ಯ ರೈತನ, ಬಡಗಿಯ, ಮನೆಗೆಲಸದ ಹೆಣ್ಣಿನ ಬದುಕನ್ನು ತಿಳಿಯಹೊರಟವರು ಮೊದಲು ಎಡತಾಕುವುದು ಎರಡು ಕಡೆ: ಹತ್ತು ವರ್ಷಕ್ಕೊಮ್ಮೆ ತುಂಬಿದ ಜನಗಣತಿಯ ಹಾಳೆಗಳು ಮತ್ತು ವಾರಕ್ಕೊಮ್ಮೆ ಅಚ್ಚಾದ ಊರಿನ ಪತ್ರಿಕೆಗಳು. ಮೊಮ್ಮಕ್ಕಳಿಗೆ ಉಪಯೋಗವಾಗಲೆಂದು ಇವೆರಡನ್ನೂ ಯಾರೂ ಬರೆದಿಟ್ಟದ್ದಲ್ಲ. ಒಂದನ್ನು ಲೋಕಸಂಖ್ಯೆ ತಿಳಿಯಲು ತುಂಬಿದರು, ಇನ್ನೊಂದನ್ನು ಚಂದಾದಾರರಿಗಾಗಿ ಅಚ್ಚು ಹಾಕಿದರು. ಈ ಕೆಲಸದಲ್ಲಿ ಆಗುವ ಹೆಚ್ಚಿನ ತಪ್ಪುಗಳು ಅದನ್ನು ಮರೆತಾಗಲೇ ಆಗುವುದು.

ಹತ್ತು ವರ್ಷಕ್ಕೊಮ್ಮೆ ಜನರನ್ನು ಎಣಿಸಬೇಕೆಂಬ ಕಟ್ಟಳೆ ಅಮೆರಿಕದ ಸಂವಿಧಾನದ ಮೊದಲ ವಿಧಿಯಲ್ಲೇ ಇದೆ; ಸಂಸತ್ತಿನ ಕೆಳಮನೆಯ ಸ್ಥಾನಗಳನ್ನು ರಾಜ್ಯಗಳಿಗೆ ಹಂಚಲು ಆ ಲೆಕ್ಕ ಬೇಕಿತ್ತು. 1790ರಿಂದ 1840ರವರೆಗಿನ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಸಿಗುತ್ತದೆ. ಹೆಂಡತಿ, ಮಕ್ಕಳು, ಆಳುಗಳು ವಯಸ್ಸಿಗೆ ತಕ್ಕ ಕಾಲಂಗಳಲ್ಲಿ ಬರೀ ಅಂಕಿಗಳು. 1850ರಿಂದ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು, ವಯಸ್ಸು, ಕಸುಬು, ಹುಟ್ಟಿದ ರಾಜ್ಯ ಅಥವಾ ದೇಶ ದಾಖಲಾಗತೊಡಗಿದವು. ಜೊತೆಗೆ ಸ್ಥಿರಾಸ್ತಿಯ ಬೆಲೆ, 1860ರಲ್ಲಿ ಚರಾಸ್ತಿಯ ಬೆಲೆ. ಆದರೆ ಮನೆಯವರ ನಡುವಿನ ಸಂಬಂಧವನ್ನು ಬರೆದದ್ದು 1880ರಿಂದ. ಅದಕ್ಕೆ ಹಿಂದಿನ ಹಾಳೆಯಲ್ಲಿ ಗಂಡಸಿನ ಹೆಸರಿನ ಕೆಳಗಿರುವ ಹೆಂಗಸು ಹೆಂಡತಿಯೇ ಇರಬೇಕೆಂದಿಲ್ಲ. ವಿಧವೆ ತಂಗಿಯೋ ಎರಡನೆಯ ಹೆಂಡತಿಯೋ ಆಗಿರಬಹುದು. ಮಕ್ಕಳ ಸಾಲಿನಲ್ಲಿರುವ ಹುಡುಗ ಕೂಲಿಯವನಿರಬಹುದು. 1854ರಿಂದ ಪೂರ್ವದ ನಗರಗಳ ಅನಾಥ ಮಕ್ಕಳನ್ನು ರೈಲಿನಲ್ಲಿ ತಂದು ಇಲ್ಲಿನ ರೈತರ ಮನೆಗಳಿಗೆ ಸೇರಿಸುತ್ತಿದ್ದ ಕಾಲ ಅದು. 1880ರಲ್ಲಿ ತಂದೆ ತಾಯಿ ಹುಟ್ಟಿದ ಜಾಗವನ್ನೂ ಕೇಳಿದರು. 1900ರ ಹಾಳೆ ಇವೆಲ್ಲಕ್ಕಿಂತ ಮಾಹಿತಿವಂತ: ಹುಟ್ಟಿದ ತಿಂಗಳು ಮತ್ತು ಇಸವಿ, ಮದುವೆಯಾಗಿ ಎಷ್ಟು ವರ್ಷ, ತಾಯಿ ಹೆತ್ತ ಮಕ್ಕಳೆಷ್ಟು, ಉಳಿದವರೆಷ್ಟು, ಅಮೆರಿಕಕ್ಕೆ ಬಂದ ವರ್ಷ, ಮನೆ ಸ್ವಂತದ್ದೋ ಬಾಡಿಗೆಯದೋ, ಸ್ವಂತದ್ದಾದರೆ ಅಡವಿನಲ್ಲಿದೆಯೋ ಇಲ್ಲವೋ.

ಈ ಹಾಳೆಗಳು 72 ವರ್ಷ ಮುಚ್ಚಿದ್ದು ಆಮೇಲೆ ಎಲ್ಲರಿಗೂ ತೆರೆದುಕೊಳ್ಳುತ್ತವೆ. 1950ರ ಗಣತಿ 2022ರ ಏಪ್ರಿಲ್ 1ರಂದು ಹೊರಬಂತು. ಭಾರತದ ಓದುಗರಿಗೆ ಇದು ವಿಚಿತ್ರವೆನ್ನಿಸಬಹುದು. ನಮ್ಮ 1948ರ ಜನಗಣತಿ ಕಾಯ್ದೆಯ ಪ್ರಕಾರ ಒಂದು ಮನೆಯ ವಿವರವನ್ನು ಯಾರಿಗೂ ತೋರಿಸುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಹಾಜರುಪಡಿಸುವಂತಿಲ್ಲ.

ಹಾಳೆ ತುಂಬಿದವನು ಯಾರು ಎಂಬುದನ್ನೂ ನೋಡಬೇಕು. 1870ರವರೆಗೆ ಗಣತಿ ನಡೆದದ್ದು ಫೆಡರಲ್ ಮಾರ್ಷಲ್‌ಗಳ ಸಹಾಯಕರ ಕೈಯಿಂದ. 1880ರಲ್ಲಿ ಪ್ರತ್ಯೇಕ ಗಣತಿದಾರರು ನೇಮಕವಾದರು. ತಲೆಗೆ 2 ಸೆಂಟ್ ಕೂಲಿ. ದೂರದ ಒಂಟಿ ಮನೆಗೆ ಕುದುರೆ ಹತ್ತಿ ಹೋಗುವ ಬದಲು ಪಕ್ಕದ ಮನೆಯವರನ್ನೇ ಕೇಳಿ ಬರೆದುಕೊಂಡದ್ದು ಅಪರೂಪವಲ್ಲ. ಉತ್ತರ ಕೊಟ್ಟವರು ಯಾರೆಂದು ಹತ್ತೊಂಬತ್ತನೆಯ ಶತಮಾನದ ಯಾವ ಫೆಡರಲ್ ಹಾಳೆಯೂ ಹೇಳುವುದಿಲ್ಲ. ಯಜಮಾನ ಹೊಲದಲ್ಲಿದ್ದಾಗ ಬಾಗಿಲಿಗೆ ಬಂದ ಹಿರಿಮಗಳೋ, ಇಂಗ್ಲಿಷ್ ಸರಿಯಾಗಿ ಬಾರದ ಅಜ್ಜಿಯೋ ಹೇಳಿರಬಹುದು. ಲೆಕ್ಕಕ್ಕೆ ಹಿಡಿದ ದಿನ ಜೂನ್ 1; ಗಣತಿದಾರ ಆಗಸ್ಟಿನಲ್ಲಿ ಬಂದರೂ ಜೂನ್ 1ರಂದು ಮನೆಯಲ್ಲಿದ್ದವರನ್ನೇ ಬರೆಯಬೇಕು. ಈ ನಿಯಮ ಎಷ್ಟೋ ಕಡೆ ಪಾಲನೆಯಾಗಲಿಲ್ಲ. ಸಾಲದ್ದಕ್ಕೆ 1850, 1860, 1870ರ ಹಾಳೆಗಳನ್ನು ಕೈಯಲ್ಲೇ ನಕಲು ಮಾಡಿ ಕೌಂಟಿಗೊಂದು, ರಾಜ್ಯಕ್ಕೊಂದು, ವಾಷಿಂಗ್ಟನ್ನಿಗೊಂದು ಪ್ರತಿ ಕೊಡುತ್ತಿದ್ದರು. ಇಂದು ಪರದೆಯ ಮೇಲೆ ಕಾಣುವುದು ಹಲವು ಸಲ ಮೂಲವಲ್ಲ, ನಕಲು. ಒಂದು ಸಾಲು ಜಾರಿ ಅಣ್ಣನ ವಯಸ್ಸು ತಮ್ಮನಿಗೆ ಬಂದಿರುವುದು ಇಂಥ ನಕಲಿನಲ್ಲೇ.

ವಯಸ್ಸನ್ನಂತೂ ಒಂದೇ ಗಣತಿಯಿಂದ ನಂಬುವಂತಿಲ್ಲ. ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡಿನ ವಕೀಲ ಅಬ್ರಹಾಂ ಲಿಂಕನ್ನರ ಮನೆಯನ್ನು 1860ರಲ್ಲಿ ಎಣಿಸಿದಾಗ ಅವರ ವಯಸ್ಸು 51 ಎಂದು ಸರಿಯಾಗಿಯೇ ದಾಖಲಾಯಿತು. ಸ್ಥಿರಾಸ್ತಿ 5,000 ಡಾಲರ್, ಚರಾಸ್ತಿ 12,000 ಡಾಲರ್. ಆದರೆ 1818ರ ಡಿಸೆಂಬರಿನಲ್ಲಿ ಹುಟ್ಟಿದ ಮೇರಿ ಲಿಂಕನ್ ಅದೇ ಹಾಳೆಯಲ್ಲಿ 35ರ ಹೆಂಗಸು. ಕೆಲವೇ ತಿಂಗಳಲ್ಲಿ ರಾಷ್ಟ್ರಾಧ್ಯಕ್ಷರ ಪತ್ನಿಯಾಗಲಿದ್ದವರ ವಯಸ್ಸೇ ಆರು ವರ್ಷ ಕಡಿಮೆಯಾಗಿರುವಾಗ ಗಡಿನಾಡಿನ ರೈತನ ಹೆಂಡತಿಯ ವಯಸ್ಸು ದಶಕಕ್ಕೆ ಏಳೋ ಎಂಟೋ ವರ್ಷ ಮಾತ್ರ ಏರಿದ್ದರೆ ಅದು ಬೇರೆ ಹೆಂಗಸು ಎಂದು ತಳ್ಳಿಹಾಕಲಾಗದು. ಹುಟ್ಟಿದ ದೇಶವೂ ಹೀಗೆಯೇ ಬದಲಾಗುತ್ತದೆ. 1860ರಲ್ಲಿ ಹ್ಯಾನೋವರ್‌ನವನು ಎಂದಿದ್ದವನು 1870ರಲ್ಲಿ ಪ್ರಷ್ಯದವನು, 1900ರಲ್ಲಿ ಜರ್ಮನಿಯವನು. ಮೂರೂ ಸರಿ: 1866ರಲ್ಲಿ ಪ್ರಷ್ಯ ಹ್ಯಾನೋವರನ್ನು ನುಂಗಿತು, 1871ರಲ್ಲಿ ಜರ್ಮನ್ ಸಾಮ್ರಾಜ್ಯ ಹುಟ್ಟಿತು. ಬದಲಾದದ್ದು ಅವನ ಊರಲ್ಲ, ಊರಿನ ದೊರೆ. ಮಿಡ್‌ವೆಸ್ಟಿನೊಳಗೂ ಕೌಂಟಿಗಳ ಗಡಿ ಪದೇಪದೇ ಬದಲಾಯಿತು. ಜಾಗ ಬಿಟ್ಟು ಕದಲದ ಕುಟುಂಬ ಎರಡು ಗಣತಿಗಳಲ್ಲಿ ಎರಡು ಕೌಂಟಿಗಳಲ್ಲಿ ಕಾಣಿಸಿಕೊಳ್ಳಲು ಇದೇ ಕಾರಣ.

ಜನರ ಪಟ್ಟಿಯ ಜೊತೆಗೆ 1850ರಿಂದ 1880ರವರೆಗಿನ ಗಣತಿಗಳಲ್ಲಿ ಬೇರೆ ಪಟ್ಟಿಗಳೂ ಇದ್ದವು. ವಂಶ ಹುಡುಕುವವರು ಇವನ್ನು ಬದಿಗಿಡುವುದೇ ಹೆಚ್ಚು. ಆದರೆ ಬದುಕಿನ ಬಣ್ಣ ಸಿಗುವುದು ಇಲ್ಲಿಯೇ. ಕೃಷಿ ಪಟ್ಟಿಯಲ್ಲಿ ಒಬ್ಬ ರೈತನ ಉತ್ತ ನೆಲವೆಷ್ಟು, ಪಾಳು ಎಷ್ಟು, ಕುದುರೆಗಳೆಷ್ಟು, ಕರೆಯುವ ಹಸುಗಳೆಷ್ಟು, ಹಿಂದಿನ ವರ್ಷ ಬೆಳೆದ ಗೋಧಿ, ಮೆಕ್ಕೆಜೋಳ ಎಷ್ಟು ಬುಷೆಲ್, ಮನೆಯಲ್ಲಿ ಕಡೆದ ಬೆಣ್ಣೆ ಎಷ್ಟು ಪೌಂಡ್ ಎಂಬುದೆಲ್ಲ ಇದೆ. ಜನರ ಪಟ್ಟಿಯಲ್ಲಿ ಬರೀ ‘ಮನೆಗೆಲಸ’ ಎಂದಿರುವ ಹೆಂಗಸಿನ ದುಡಿಮೆಗೆ ಈ ಬೆಣ್ಣೆಯ ಕಾಲಂ ಒಂದೇ ಕೆಲವು ಸಲ ಸಾಕ್ಷಿ. ಮರಣ ಪಟ್ಟಿಯಲ್ಲಿ ಜೂನ್ 1ಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ತೀರಿಕೊಂಡವರ ಹೆಸರು, ತಿಂಗಳು, ಕಾಯಿಲೆ ಇವೆ. ಲಿಂಕನ್ನರ ಎರಡನೆಯ ಮಗ ಎಡ್ವರ್ಡ್ ಹುಟ್ಟಿದ್ದು 1846ರ ಮಾರ್ಚಿನಲ್ಲಿ, ಸತ್ತದ್ದು 1850ರ ಫೆಬ್ರವರಿ 1ರಂದು. ಎರಡು ಗಣತಿಗಳ ನಡುವೆ ಬಂದು ಹೋದ ಈ ಮಗು ಯಾವ ಜನರ ಪಟ್ಟಿಯಲ್ಲೂ ಇಲ್ಲ. 1850ರ ಮರಣ ಪಟ್ಟಿ ಮಾತ್ರ ಅವನನ್ನು ಹಿಡಿದಿದೆ: ಕ್ಷಯ, 52 ದಿನದ ಕಾಯಿಲೆ.

ಎಲ್ಲ ಮಕ್ಕಳಿಗೂ ಈ ಭಾಗ್ಯವಿಲ್ಲ. ‘ಲಿಟ್ಲ್ ಹೌಸ್’ ಕಾದಂಬರಿಗಳನ್ನು ಬರೆದ ಲಾರಾ ಇಂಗಾಲ್ಸ್ ವೈಲ್ಡರ್ ಅವರ ತಮ್ಮ ಫ್ರೆಡ್ಡಿ ಮಿನೆಸೋಟದಲ್ಲಿ 1875ರ ನವೆಂಬರಿನಲ್ಲಿ ಹುಟ್ಟಿ 1876ರ ಆಗಸ್ಟಿನಲ್ಲಿ ತೀರಿಕೊಂಡ. ಆ ರಾಜ್ಯದ 1875ರ ಗಣತಿ ನಡೆದದ್ದು ಮೇ ತಿಂಗಳ ಲೆಕ್ಕಕ್ಕೆ. 1880ರ ಮರಣ ಪಟ್ಟಿ ಹಿಡಿಯುವುದು ಅದರ ಹಿಂದಿನ ಒಂದು ವರ್ಷವನ್ನು. ಎಲ್ಲ ಬಲೆಗಳಿಂದಲೂ ಈ ಕೂಸು ಜಾರಿತು. ಅಕ್ಕನ ಕಾದಂಬರಿಗಳಲ್ಲೂ ಅವನಿಲ್ಲ. ಆಮೇಲೆ ಈ ಕುಟುಂಬ ಅಯೊವಾದ ಬರ್ ಓಕ್‌ನಲ್ಲಿ ಕಳೆದ ದಿನಗಳೂ ಅಷ್ಟೇ, ಗಣತಿಗೂ ಸಿಗಲಿಲ್ಲ, ಕಥೆಗೂ ಸಿಗಲಿಲ್ಲ. ಇಂಥ ಮಕ್ಕಳ ಸುಳಿವು ಗಣತಿಯಲ್ಲಿ ಸಿಕ್ಕರೆ 1900ರಲ್ಲಿ ತಾಯಿ ಹೇಳಿದ ಎರಡು ಅಂಕಿಗಳಲ್ಲಿ: ಹೆತ್ತದ್ದೆಷ್ಟು, ಉಳಿದದ್ದೆಷ್ಟು.

ಫೆಡರಲ್ ಗಣತಿಯ ನಡುವಿನ ಖಾಲಿ ಜಾಗವನ್ನು ರಾಜ್ಯಗಳ ಸ್ವಂತ ಗಣತಿಗಳು ಸ್ವಲ್ಪಮಟ್ಟಿಗೆ ತುಂಬುತ್ತವೆ. ಮಿನೆಸೋಟ 1865ರಿಂದ 1905ರವರೆಗೆ ಐದರಲ್ಲಿ ಕೊನೆಗೊಳ್ಳುವ ವರ್ಷಗಳಲ್ಲಿ ಜನರನ್ನು ಎಣಿಸಿತು. ಅಯೊವಾದ 1856, 1885, 1895ರ ಹಾಳೆಗಳೂ ಕನ್ಸಾಸಿನ 1855ರಿಂದ 1895ರವರೆಗಿನ ಹಾಳೆಗಳೂ ಉಳಿದಿವೆ. ಅಯೊವಾ 1856ರಲ್ಲಿ ರಾಜ್ಯಕ್ಕೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿತು. ಕನ್ಸಾಸ್ 1875ರಲ್ಲಿ ಎಲ್ಲಿಂದ ಬಂದಿರಿ ಎಂದು ಕೇಳಿತು. ಹುಟ್ಟಿದ್ದು ಎಲ್ಲಿ ಎಂಬುದಲ್ಲ, ಕನ್ಸಾಸಿಗೆ ಬರುವ ಮುಂಚೆ ಇದ್ದದ್ದು ಎಲ್ಲಿ ಎಂಬುದು. ಅಲೆಮಾರಿ ಕುಟುಂಬದ ದಾರಿ ಹಿಡಿಯಲು ಇದಕ್ಕಿಂತ ಉಪಯುಕ್ತವಾದ ಪ್ರಶ್ನೆ ಇನ್ನೊಂದಿಲ್ಲ.

ರಾಜ್ಯಗಳ ಗಣತಿಗೆ ಇಷ್ಟು ಬೆಲೆ ಬಂದದ್ದು 1890ರ ನಷ್ಟದಿಂದ. ಹರ್ಮನ್ ಹೊಲರಿತ್‌ರ ರಂಧ್ರಪಟ್ಟಿ ಯಂತ್ರಗಳಿಂದ ಲೆಕ್ಕ ಹಾಕಿದ ಆ ಗಣತಿಯ ಹಾಳೆಗಳು ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ನೆಲಮಾಳಿಗೆಯಲ್ಲಿದ್ದವು. 1921ರ ಜನವರಿ 10ರಂದು ಅಲ್ಲಿ ಬೆಂಕಿ ಬಿತ್ತು. ಸುಟ್ಟದ್ದು ಕೆಲವು, ನಂದಿಸಲು ಹರಿಸಿದ ನೀರಿನಲ್ಲಿ ನೆನೆದದ್ದು ಹಲವು. ಉಳಿದವನ್ನೂ ಕಾಪಾಡಲಿಲ್ಲ: ರಾಷ್ಟ್ರೀಯ ಪತ್ರಾಗಾರದ ಕಟ್ಟಡಕ್ಕೆ ಅಧ್ಯಕ್ಷ ಹೂವರ್ ಅಡಿಗಲ್ಲಿಟ್ಟ ಮರುದಿನ, 1933ರ ಫೆಬ್ರವರಿ 21ರಂದು, ಬೇಡವಾದ ಕಾಗದಗಳನ್ನು ನಾಶಮಾಡಲು ಸಂಸತ್ತು ಒಪ್ಪಿಗೆ ಕೊಟ್ಟ ಪಟ್ಟಿಯಲ್ಲಿ ಈ ಹಾಳೆಗಳೂ ಸೇರಿದ್ದವು. ಪತ್ರಾಗಾರಗಳ ಇತಿಹಾಸದಲ್ಲಿ ಇಂಥ ಕ್ರೂರ ಕಾಕತಾಳೀಯ ಇನ್ನೊಂದು ಸಿಗುವುದು ಕಷ್ಟ. 1881ರಲ್ಲಿ ಹುಟ್ಟಿ 1899ರಲ್ಲಿ ಮದುವೆಯಾಗಿ ಗಂಡನ ಮನೆ ಸೇರಿದ ಹುಡುಗಿ ಹೀಗಾಗಿ ತವರಿನಲ್ಲಿ ಯಾವ ಫೆಡರಲ್ ಗಣತಿಯಲ್ಲೂ ಕಾಣುವುದಿಲ್ಲ. 1890ರಲ್ಲೇ ಅಂತರ್ಯುದ್ಧದ ಮಾಜಿ ಸೈನಿಕರು ಮತ್ತು ಅವರ ವಿಧವೆಯರ ಪಟ್ಟಿಯನ್ನೂ ಮಾಡಿದ್ದರು. ಅದರಲ್ಲಿ ಇಂಗ್ಲಿಷ್ ಅಕಾರಾದಿಯಲ್ಲಿ ಕೆಂಟಕಿಗಿಂತ ಮೊದಲು ಬರುವ ರಾಜ್ಯಗಳದು ಹೆಚ್ಚುಕಡಿಮೆ ಪೂರ್ತಿ ಹೋಗಿದೆ. ಮಿಷಿಗನ್, ಮಿನೆಸೋಟ, ಓಹಾಯೊಗಳು ಉಳಿದು ಇಲಿನಾಯ್, ಇಂಡಿಯಾನಾ, ಅಯೊವಾಗಳು ಕಳೆದುಹೋದದ್ದಕ್ಕೆ ಹೆಸರಿನ ಮೊದಲ ಅಕ್ಷರವಲ್ಲದೆ ಬೇರೆ ಕಾರಣವಿಲ್ಲ.

ಇಲ್ಲಿಂದ ಮುಂದೆ ಪತ್ರಿಕೆಗಳ ಕೆಲಸ. ಮಿಡ್‌ವೆಸ್ಟಿನಲ್ಲಿ ಕೌಂಟಿಯ ಮುಖ್ಯ ಊರಿಗೆ ಒಂದಾದರೂ ವಾರಪತ್ರಿಕೆ, ಸ್ವಲ್ಪ ದೊಡ್ಡ ಊರಾದರೆ ಎರಡು: ಒಂದು ರಿಪಬ್ಲಿಕನ್, ಇನ್ನೊಂದು ಡೆಮೊಕ್ರಾಟ್. ಒಬ್ಬನೇ ಮನುಷ್ಯ ಒಂದರಲ್ಲಿ ಗಣ್ಯ, ಇನ್ನೊಂದರಲ್ಲಿ ಪುಂಡ. ಆದ್ದರಿಂದ ಎರಡನ್ನೂ ಓದಬೇಕು. ನಾಲ್ಕು ಪುಟದ ಈ ಪತ್ರಿಕೆಗಳಲ್ಲಿ ಎಲ್ಲವೂ ಆ ಊರಿನದಲ್ಲ. ವಿಸ್ಕಾನ್ಸಿನ್‌ನ ಬಾರಬೂ ಊರಿನ ಸಂಪಾದಕ ಆನ್ಸೆಲ್ ನ್ಯಾಶ್ ಕೆಲಾಗ್ 1861ರಲ್ಲಿ ಯುದ್ಧದಿಂದಾಗಿ ಮೊಳೆ ಜೋಡಿಸುವವರು ಸಿಗದಾದಾಗ ಪತ್ರಿಕೆಯ ಅರ್ಧವನ್ನು ಮ್ಯಾಡಿಸನ್ನಿನಲ್ಲಿ ಅಚ್ಚು ಹಾಕಿಸಿ ತಂದು, ಉಳಿದರ್ಧಕ್ಕೆ ಊರ ಸುದ್ದಿ ಸೇರಿಸಿದ. ಯುದ್ಧ ಮುಗಿದ ಮೇಲೆ ಷಿಕಾಗೋದಲ್ಲಿ ಅದನ್ನೇ ದೊಡ್ಡ ವ್ಯಾಪಾರ ಮಾಡಿಕೊಂಡ. ಹಾಗೆ ತಯಾರಾಗಿ ಬಂದ ಪುಟಗಳಲ್ಲಿ ಕಥೆ, ಯುರೋಪಿನ ಸುದ್ದಿ, ಔಷಧದ ಜಾಹೀರಾತು ತುಂಬಿರುತ್ತವೆ. ಪೂರ್ವಜರನ್ನು ಹುಡುಕುವವರಿಗೆ ಬೇಕಾದದ್ದು ಊರಿನಲ್ಲೇ ಮೊಳೆ ಜೋಡಿಸಿದ ಪುಟಗಳು.

ಆ ಪುಟಗಳಲ್ಲೂ ಆರಂಭದ ದಶಕಗಳಲ್ಲಿ ನಿಧನ ವಾರ್ತೆ ಎಂದರೆ ಎರಡು ಸಾಲು. ಶತಮಾನದ ಕೊನೆಗೆ ಅದು ಹುಟ್ಟಿದ ಊರು, ವಲಸೆಯ ವರ್ಷ, ಮದುವೆ, ಮಕ್ಕಳು, ಚರ್ಚು ಎಲ್ಲ ಸೇರಿದ ಪುಟ್ಟ ಜೀವನಚರಿತ್ರೆಯಾಗಿ ಬೆಳೆಯಿತು. ಆದರೆ ನಿಜವಾದ ಸಂಪತ್ತು ಊರ ಸುದ್ದಿಯ ಚೂರುಗಳಲ್ಲಿದೆ: ಯಾರ ಮನೆಗೆ ಓಹಾಯೊದಿಂದ ಅಣ್ಣ ಬಂದಿದ್ದಾನೆ, ಯಾರ ಕಣಜಕ್ಕೆ ಬೆಂಕಿ ಬಿತ್ತು, ಯಾರ ಕುದುರೆ ಓಡಿಹೋಯಿತು. ಓಹಾಯೊದ ಆ ಅಣ್ಣ ಒಂದು ತಲೆಮಾರು ಹಿಂದಕ್ಕೆ ಹೋಗಲು ಬಾಗಿಲು ತೆರೆದುಕೊಡುತ್ತಾನೆ. ಅಂಚೆಕಚೇರಿಯಲ್ಲಿ ಯಾರೂ ಬಂದು ಒಯ್ಯದ ಪತ್ರಗಳ ಪಟ್ಟಿ, ಕಂದಾಯ ಬಾಕಿಯ ಪಟ್ಟಿ, ಷೆರಿಫ್ ಹರಾಜು, ಮನೆ ಬಿಟ್ಟು ಹೋದ ಹೆಂಡತಿಯ ಸಾಲಕ್ಕೆ ತಾನು ಹೊಣೆಯಲ್ಲವೆಂಬ ಗಂಡನ ಪ್ರಕಟಣೆ ಇವೂ ಆ ಪುಟಗಳಲ್ಲೇ ಇವೆ. ದಿನಾಂಕ ಲೆಕ್ಕ ಹಾಕುವಾಗ ಎಚ್ಚರ ಬೇಕು. ‘ಇನ್‌ಸ್ಟಂಟ್’ ಎಂದರೆ ಈ ತಿಂಗಳು, ‘ಅಲ್ಟಿಮೋ’ ಎಂದರೆ ಹೋದ ತಿಂಗಳು. ಕಳೆದ ಗುರುವಾರ ಎಂಬುದು ಪತ್ರಿಕೆಯ ದಿನಾಂಕದಿಂದ ಹಿಂದಕ್ಕೆ ಎಣಿಸಬೇಕಾದದ್ದು, ಸುದ್ದಿಯನ್ನು ಬೇರೆ ಪತ್ರಿಕೆಯಿಂದ ಎತ್ತಿಕೊಂಡಿದ್ದರೆ ಆ ಮೂಲ ಪತ್ರಿಕೆಯ ದಿನಾಂಕದಿಂದ. ಸಂಪಾದಕರು ಪತ್ರಿಕೆಗಳನ್ನು ಪರಸ್ಪರ ಕಳಿಸಿಕೊಂಡು ಸುದ್ದಿ ಎತ್ತಿಕೊಳ್ಳುತ್ತಿದ್ದುದರಿಂದ ಸ್ವಂತ ಊರಿನ ಸಂಚಿಕೆ ಹಾಳಾಗಿದ್ದರೂ ಪಕ್ಕದ ಕೌಂಟಿಯ ಪತ್ರಿಕೆಯಲ್ಲಿ ಅದೇ ಸುದ್ದಿ ಸಿಗಬಹುದು.

ಕುಟುಂಬದ ನೆನಪಿಗಿಂತ ಪತ್ರಿಕೆಯ ಚೂರು ಎಷ್ಟು ಗಟ್ಟಿ ಎಂಬುದಕ್ಕೆ ಇಂಗಾಲ್ಸ್ ಮನೆಯದೇ ನಿದರ್ಶನವಿದೆ. ಲಾರಾಳ ಅಕ್ಕ ಮೇರಿ ಕುರುಡಾದದ್ದು ಸ್ಕಾರ್ಲೆಟ್ ಜ್ವರದಿಂದ ಎಂದು 1939ರ ಕಾದಂಬರಿ ಹೇಳಿತು, ಓದುಗರು ನಂಬಿದರು. 1879ರ ವಸಂತದಲ್ಲಿ ಮಿನೆಸೋಟದ ರೆಡ್‌ವುಡ್ ಗೆಜೆಟ್ ಪತ್ರಿಕೆ ಅಚ್ಚು ಹಾಕಿದ ಸುದ್ದಿಯೇ ಬೇರೆ: ಮೇರಿ ವಿಪರೀತ ತಲೆನೋವಿನಿಂದ ಹಾಸಿಗೆ ಹಿಡಿದಿದ್ದಾಳೆ, ಮಿದುಳಿನಲ್ಲಿ ರಕ್ತಸ್ರಾವವಾಗಿದೆಯೇನೋ ಎಂಬ ಭಯವಿದೆ, ಮುಖದ ಒಂದು ಕಡೆ ಸ್ವಾಧೀನ ತಪ್ಪಿದೆ. ಬೇಸಿಗೆಯ ಇನ್ನೊಂದು ಸುದ್ದಿ ಅವಳ ದೃಷ್ಟಿ ಹೋಗುತ್ತಿರುವುದನ್ನು ತಿಳಿಸಿತು. ಬೆತ್ ಟರಿನಿ ಮತ್ತು ಸಂಗಡಿಗರು 2013ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಈ ಸುದ್ದಿಗಳನ್ನೂ ಲಾರಾಳ ಪತ್ರಗಳನ್ನೂ ಜೊತೆಗಿಟ್ಟು ನೋಡಿ, ಅದು ವೈರಾಣುವಿನಿಂದ ಬಂದ ಮಿದುಳಿನ ಉರಿಯೂತವಾಗಿರುವ ಸಾಧ್ಯತೆಯೇ ಹೆಚ್ಚು ಎಂದು ತೀರ್ಮಾನಿಸಿದರು. ಗೆಜೆಟ್ಟಿನ ಸುದ್ದಿ ಕಾಯಿಲೆಯ ವಾರಗಳಲ್ಲೇ ಬರೆದದ್ದು. ಕಾದಂಬರಿ ಬಂದದ್ದು ಅರವತ್ತು ವರ್ಷದ ನಂತರ.

ಗಣತಿಯನ್ನೂ ಪತ್ರಿಕೆಯನ್ನೂ ಗಂಟುಹಾಕುವ ಅತ್ಯುತ್ತಮ ಕೊಂಡಿ ಜಮೀನಿನ ಪ್ರಕಟಣೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ 160 ಎಕರೆವರೆಗಿನ ಸರ್ಕಾರಿ ಜಮೀನನ್ನು ಐದು ವರ್ಷ ಉತ್ತು ಬಾಳಿದವರು ಹಕ್ಕುಪತ್ರ ಪಡೆಯಬಹುದಿತ್ತು. 1879ರಿಂದ, ಅಂತಿಮ ಸಾಬೀತಿಗೆ ಮೊದಲು ಹತ್ತಿರದ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕೆಂದಾಯಿತು. ಅದರಲ್ಲಿ ಅರ್ಜಿದಾರನ ಪೂರ್ತಿ ಹೆಸರು, ಜಮೀನಿನ ಟೌನ್‌ಶಿಪ್, ಸೆಕ್ಷನ್, ಕಾಲುಭಾಗ ಯಾವುದು ಎಂಬ ಗುರುತು, ಸಾಕ್ಷಿ ಹೇಳಬಲ್ಲ ನೆರೆಯವರ ಹೆಸರು ಇರುತ್ತವೆ. ಆ ಹೆಸರುಗಳನ್ನು ಗಣತಿಯ ಹಾಳೆಯಲ್ಲಿ ಪೂರ್ವಜನ ಮೇಲಿನ ಕೆಳಗಿನ ಸಾಲುಗಳ ಜೊತೆ ಹೋಲಿಸಿದರೆ ಮನುಷ್ಯ ಅವನೇ ಎಂಬುದು ಬಹುಮಟ್ಟಿಗೆ ಖಚಿತವಾಗುತ್ತದೆ. ಜಮೀನಿನ ಕಾಲಂ ಖಾಲಿ ಇದ್ದರೂ ಅರ್ಥವಿದೆ. 1870ರಲ್ಲಿ ಕನ್ಸಾಸಿನ ಮಾಂಟ್‌ಗಮರಿ ಕೌಂಟಿಯಲ್ಲಿ ಇಂಗಾಲ್ಸ್ ಕುಟುಂಬ ಮತ್ತು ನೆರೆಯವರ ಸ್ಥಿರಾಸ್ತಿ ಬರೆಯದಿರಲು ಕಾರಣವನ್ನು ಗಣತಿದಾರನೇ ಹಾಳೆಯಲ್ಲಿ ಹೇಳಿದ್ದಾನೆ: ನೆಲ ಓಸೇಜ್ ಜನರದು, ವಲಸಿಗರಿಗೆ ಹಕ್ಕಿರಲಿಲ್ಲ.

ಎಲ್ಲರ ಜಾಡೂ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಮಿಸೌರಿಯಲ್ಲಿ ಗುಲಾಮರಾಗಿದ್ದವರನ್ನು 1850 ಮತ್ತು 1860ರಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣಗಳಿಂದ ಮಾತ್ರ ಗುರುತಿಸಿದರು. ಕಪ್ಪು ಜನರೆಲ್ಲರ ಹೆಸರು ಮೊದಲು ಬಂದದ್ದು 1870ರಲ್ಲಿ. ತೆರಿಗೆ ಕಟ್ಟದ ಮೂಲನಿವಾಸಿಗಳನ್ನು ಬಹುಕಾಲ ಎಣಿಸಲೇ ಇಲ್ಲ. ಅವರಿಗೆ 1885ರಿಂದ ಬೇರೆ ಪಟ್ಟಿಗಳಿವೆ. ವಿವಾಹಿತ ಸ್ತ್ರೀ ಪತ್ರಿಕೆಯಲ್ಲಿ ಗಂಡನ ಹೆಸರಿನ ಹಿಂದೆ ಶ್ರೀಮತಿ ಎಂದಷ್ಟೇ ಕಾಣಿಸುವುದರಿಂದ ಅವಳನ್ನು ಹುಡುಕಬೇಕಾದದ್ದು ಗಂಡನ ಹೆಸರಿನಲ್ಲಿ, ತವರು ಸಿಗುವುದು ಅಣ್ಣತಮ್ಮಂದಿರ ನಿಧನ ವಾರ್ತೆಗಳಲ್ಲಿ. ವಲಸಿಗರ ವಿಷಯದಲ್ಲಿ ಇಂಗ್ಲಿಷ್ ಪತ್ರಿಕೆ ಸಾಲದು. ಸೇಂಟ್ ಲೂಯಿಸ್‌ನ ವೆಸ್ಟ್ಲಿಷೆ ಪೋಸ್ಟ್, ಷಿಕಾಗೋದ ಇಲಿನಾಯ್ ಸ್ಟಾಟ್ಸ್ ತ್ಸೈಟುಂಗ್ ಜರ್ಮನರವು. ಅಯೊವಾದ ಡೆಕೋರಾ ಪೋಸ್ಟೆನ್, ಷಿಕಾಗೋದ ಸ್ಕಾಂಡಿನಾವೆನ್ ನಾರ್ವೆಯವರವು. ಇಂಗ್ಲಿಷ್ ಪತ್ರಿಕೆ ಒಂದು ಸಾಲಿನಲ್ಲಿ ಮುಗಿಸಿದ ಸಾವಿಗೆ ಇವು ಹುಟ್ಟೂರಿನ ಹೆಸರನ್ನೂ ಕೊಡುವುದುಂಟು.

ಇಂದು ಈ ಎಲ್ಲದರ ದೊಡ್ಡ ಪಾಲು ಗಣಕಯಂತ್ರದಲ್ಲಿದೆ. ಗಣತಿ ಹಾಳೆಗಳು ಫ್ಯಾಮಿಲಿಸರ್ಚ್‌ನಲ್ಲಿ ಉಚಿತ, ಆನ್ಸೆಸ್ಟ್ರಿಯಲ್ಲಿ ಹಣಕ್ಕೆ. ಪತ್ರಿಕೆಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ರಾನಿಕ್ಲಿಂಗ್ ಅಮೆರಿಕದಲ್ಲೂ ಇಲಿನಾಯ್, ಇಂಡಿಯಾನಾ, ಮಿನೆಸೋಟಗಳ ಸ್ವಂತ ಸಂಗ್ರಹಗಳಲ್ಲೂ ಉಚಿತ. ಹುಡುಕಾಟ ವೇಗವಾಗಿದೆ, ಆದರೆ ಯಂತ್ರ ಓದುವುದು ಮಾಸಿದ ಮೊಳೆಗಳನ್ನು. ಜರ್ಮನ್ ಫ್ರಾಕ್ಟೂರ್ ಲಿಪಿಯಲ್ಲಂತೂ ಉದ್ದನೆಯ ‘ಎಸ್’ ಅನ್ನು ‘ಎಫ್’ ಎಂದೇ ಓದುತ್ತದೆ. ಒಂದು ಹೆಸರಿನ ಹತ್ತು ಬರಹಗಳನ್ನು ಒಂದೇ ಕಡೆ ಸೇರಿಸಲು 1930ರ ದಶಕದಲ್ಲಿ ಗುಮಾಸ್ತರು ಬಳಸಿದ ಸೌಂಡೆಕ್ಸ್ ಸಂಕೇತ ಇಂದಿಗೂ ಕೆಲಸಕ್ಕೆ ಬರುತ್ತದೆ: ಸ್ಮಿತ್, ಶ್ಮಿಟ್ ಇಬ್ಬರಿಗೂ ಎಸ್-530. ಹೆಸರಿನಿಂದ ಸಿಗದಿದ್ದರೆ ನೆರೆಯವನ ಹೆಸರಿನಿಂದ, ಬರೀ ಟೌನ್‌ಶಿಪ್ಪಿನ ಹೆಸರಿನಿಂದ ಹುಡುಕಬೇಕು. ಅದೂ ಆಗದಿದ್ದರೆ ಸಂಚಿಕೆಗಳನ್ನು ಒಂದೊಂದಾಗಿ ಓದಬೇಕು.

ಹೆಸರು ಸಿಕ್ಕ ಮಾತ್ರಕ್ಕೆ ಮನುಷ್ಯ ಸಿಕ್ಕ ಹಾಗಲ್ಲ. ಒಂದೇ ಟೌನ್‌ಶಿಪ್ಪಿನಲ್ಲಿ ಹಲವು ಓಲೆ ಓಲ್ಸನ್‌ಗಳು, ಹಲವು ಜಾನ್ ಮೈಯರ್‌ಗಳು ಇರುತ್ತಾರೆ. ಅಮೆರಿಕದ ವಂಶಶೋಧಕಿ ಎಲಿಜಬೆತ್ ಶೋನ್ ಮಿಲ್ಸ್ ಅದಕ್ಕಾಗಿಯೇ ಗೆಳೆಯರು, ಒಡನಾಡಿಗಳು, ನೆರೆಯವರು ಮೂವರನ್ನೂ ಜೊತೆಗೆ ಹಿಂಬಾಲಿಸುವ ಕ್ರಮವನ್ನು ಬಳಕೆಗೆ ತಂದರು. ಮಾಡುವ ಬಗೆ ಸರಳ, ಬೇಕಾದದ್ದು ತಾಳ್ಮೆ. ಪ್ರತಿ ಗಣತಿಯ ವಯಸ್ಸು, ಹೆಂಡತಿ, ಮಕ್ಕಳು, ಹುಟ್ಟಿದ ಜಾಗ, ಕಸುಬು, ಮೇಲಿನ ಕೆಳಗಿನ ಐದಾರು ಮನೆಗಳನ್ನು ಒಂದೇ ಪಟ್ಟಿಯಲ್ಲಿ ಬರೆದು ಪತ್ರಿಕೆಯ ಚೂರುಗಳನ್ನು ದಿನಾಂಕದಂತೆ ಅದರೊಳಗೆ ಕೂಡಿಸಬೇಕು. ಹೊಂದದ ಒಂದು ಸಂಗತಿ ಉಳಿದರೆ ಅದಕ್ಕೆ ವಿವರಣೆ ಬೇಕು. ಎರಡು ಮೂರು ಉಳಿದರೆ ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದು ಬೆಸೆದಿರುವ ಸಂಭವ ಹೆಚ್ಚು. ಅಂತರ್ಜಾಲದಲ್ಲಿ ಯಾರೋ ಕಟ್ಟಿದ ವಂಶವೃಕ್ಷವನ್ನು ನಕಲಿಸುವವರು ಬಿಡುವ ಕೆಲಸ ಇದೇ. 1870, 80ರ ದಶಕಗಳಲ್ಲಿ ಚಂದಾ ಪಡೆದು ಅಚ್ಚು ಹಾಕಿದ ಕೌಂಟಿ ಇತಿಹಾಸಗಳ ಜೀವನಚರಿತ್ರೆಗಳನ್ನೂ ಇದೇ ಎಚ್ಚರದಿಂದ ಓದಬೇಕು. ಅವುಗಳಲ್ಲಿ ಸಾಲಗಾರನಾಗಲಿ ಕುಡುಕನಾಗಲಿ ಇರುವುದಿಲ್ಲ.

ಗುರುತು ಖಚಿತವಾದ ಮೇಲೆ ಗಣತಿ ಮತ್ತು ಪತ್ರಿಕೆಗಳೇ ಮುಂದಿನ ಕಡತಗಳಿಗೆ ಕೈತೋರುತ್ತವೆ. ಜಮೀನಿನ ಪ್ರಕಟಣೆ ಸಿಕ್ಕರೆ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಹೋಮ್‌ಸ್ಟೆಡ್ ಕಡತವನ್ನು ಕೇಳಬಹುದು. ಮನೆ ಎಷ್ಟಗಲ, ಉತ್ತ ನೆಲವೆಷ್ಟು, ಬಾವಿ ತೋಡಿದ್ದುಂಟೇ ಎಂಬ ನೆರೆಯವರ ಹೇಳಿಕೆಗಳು ಅದರಲ್ಲಿ ಇರುತ್ತವೆ. 1890ರ ಮಾಜಿ ಸೈನಿಕರ ಪಟ್ಟಿಯಲ್ಲಿ ಹೆಸರಿದ್ದರೆ ಪಿಂಚಣಿ ಕಡತವೂ ಇರುವ ಸಾಧ್ಯತೆಯುಂಟು. ವಿಧವೆ ಅರ್ಜಿ ಹಾಕಿದ್ದರೆ ಮದುವೆ ನಡೆದದ್ದೆಲ್ಲಿ, ಯಾವಾಗ, ಮಕ್ಕಳು ಹುಟ್ಟಿದ್ದು ಯಾವ ದಿನ ಎಂಬುದನ್ನು ಅವಳು ಪ್ರಮಾಣ ಮಾಡಿ ಸಾಬೀತುಪಡಿಸಬೇಕಿತ್ತು. ಗಣತಿದಾರನ ಮುಂದೆ ಅಂದಾಜಿನಲ್ಲಿ ಹೇಳಿದ ವಯಸ್ಸಿಗೂ ಪಿಂಚಣಿ ಕಚೇರಿಯ ಮುಂದೆ ಹೇಳಿದ ದಿನಾಂಕಕ್ಕೂ ವ್ಯತ್ಯಾಸ ಬಂದರೆ ಎರಡನೆಯದಕ್ಕೇ ಹೆಚ್ಚು ತೂಕ.